ಜೋಳದ ದಂಟಿನ ಬಂಡಿ ಮತ್ತು ಗಣಕಯಂತ್ರ

ಇಂದಿನ ಯುಗವು ಗಣಕಯಂತ್ರಗಳ ಯುಗವೆಂಬುದನ್ನು ಈಗ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮಕ್ತಲ್ ಭಾಗದ ಪಾಲಕರೂ ಇದನ್ನು ಚೆನ್ನಾಗಿ ಬಲ್ಲರು. ಹತ್ತನೆಯ ತರಗತಿಯ ಫಲಿತಾಂಶ ಬಂದಾಗ ಶಾಲೆಗೆ ಬರುವ ತಂದೆತಾಯಿಗಳಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: "ಸರ್, ನಮ್ಮ ಹುಡುಗನ್ನ ಎಂಜಿನಿಯರ್ ಮಾಡಬೇಕಂದ್ರ ಎಲ್ಲಿ ಸೇರಿಸಬೇಕ್ರಿ?" ಪ್ರಶ್ನೆ ಯೋಗ್ಯವಾದುದೇ. ಆದರೆ ಅದನ್ನು ಕೇಳುವುದು ತಡವಾಯಿತೆಂದು ನಮಗೆ ಪ್ರತಿಸಲವೂ ಅನಿಸುತ್ತದೆ. ಆ ಹುಡುಗ ಏಳೆಂಟು ವರ್ಷದವನಿದ್ದಾಗ ಮನೆಯ ಟಾರ್ಚನ್ನು ಬಿಚ್ಚಿಟ್ಟು ಬೆನ್ನಿಗೆ ಏಟು ತಿಂದನಲ್ಲ, ಅಂದೇ ಅದನ್ನು ಕೇಳಬೇಕಾಗಿತ್ತು.

ಎಂಜಿನಿಯರಿಂಗ್ ಎಂಬುದು ಕಾಲೇಜಿನಲ್ಲಿ ಆರಂಭವಾಗುವ ವಿದ್ಯೆಯಲ್ಲ. ಜೋಳದ ರಾಶಿಯಾದ ಮೇಲೆ ಹೊಲದಲ್ಲಿ ಬಿದ್ದ ದಂಟನ್ನು ತಂದು, ಸಿಪ್ಪೆ ಸುಲಿದು, ಒಳಗಿನ ಬೆಂಡನ್ನು ಕತ್ತರಿಸಿ, ಸಿಪ್ಪೆಯ ಸೀಳುಗಳನ್ನೇ ಕೀಲಾಗಿ ಚುಚ್ಚಿ ಬಂಡಿ ಮಾಡುವ ಮಗುವನ್ನು ನೋಡಿದವರಿಗೆ ಇದು ತಿಳಿದೀತು. ಗಾಲಿಯ ತೂತು ನಡುವೆ ಬೀಳದಿದ್ದರೆ ಬಂಡಿ ಕುಂಟುತ್ತದೆ. ಅಚ್ಚು ಬಿಗಿಯಾದರೆ ಗಾಲಿ ತಿರುಗದು, ಸಡಿಲಾದರೆ ಕಳಚಿ ಬೀಳುತ್ತದೆ. ಎಷ್ಟು ಬಿಗಿ, ಎಷ್ಟು ಸಡಿಲು ಎಂಬ ಈ ಲೆಕ್ಕವನ್ನೇ ಮುಂದೆ ಕಾಲೇಜಿನಲ್ಲಿ ದೊಡ್ಡ ಹೆಸರಿಟ್ಟು ಕಲಿಸುತ್ತಾರೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಮಗುವಿಗೂ ಕಾಲು ಸಣ್ಣದಾದರೆ ಎತ್ತು ಕುಸಿಯುತ್ತದೆ, ಬಿಸಿಲಿಗಿಟ್ಟು ಅವಸರದಿಂದ ಒಣಗಿಸಿದರೆ ಬಿರುಕು ಬಿಡುತ್ತದೆ ಎಂಬುದು ಯಾರೂ ಪಾಠ ಮಾಡದೆಯೇ ತಿಳಿದಿರುತ್ತದೆ. ಸೀಮೂರ್ ಪ್ಯಾಪರ್ಟ್ ಎಂಬ ವಿದ್ವಾಂಸರು 1980ರಲ್ಲಿ ಬರೆದ 'ಮೈಂಡ್‌ಸ್ಟಾರ್ಮ್ಸ್' ಎಂಬ ಪುಸ್ತಕದ ಮುನ್ನುಡಿಯಲ್ಲಿ ತಮ್ಮ ಬಾಲ್ಯದ ಹಲ್ಲುಗಾಲಿಗಳನ್ನು ನೆನೆಯುತ್ತಾರೆ. ಗಣಿತ ತಮಗೆ ಒಲಿದದ್ದು ಆ ಗಾಲಿಗಳ ಮೇಲಿನ ಪ್ರೀತಿಯಿಂದಲೇ ಎಂದು ಅವರು ಹೇಳುತ್ತಾರೆ. ಅವರಿಗೆ ಹಲ್ಲುಗಾಲಿ, ನಮ್ಮ ಮಕ್ಕಳಿಗೆ ಬೆಂಡಿನ ಗಾಲಿ. ವ್ಯತ್ಯಾಸವೇನೂ ದೊಡ್ಡದಲ್ಲ.

ಇನ್ನು ಗಣಕಯಂತ್ರವಂತೂ ನಮ್ಮ ಸೀಮೆಗೆ ಪರಕೀಯವಾದ ವಸ್ತುವೆಂದು ತಿಳಿಯುವವರು ಒಮ್ಮೆ ಗದ್ವಾಲಕ್ಕೋ ನಾರಾಯಣಪೇಟೆಗೋ ಹೋಗಿ, ಜಕಾರ್ಡ್ ಕಟ್ಟಿದ ಮಗ್ಗದ ಮುಂದೆ ಅರ್ಧ ತಾಸು ನಿಲ್ಲಬೇಕು. ಮಗ್ಗದ ತಲೆಯ ಮೇಲೆ ತೂತು ಕೊರೆದ ರಟ್ಟುಗಳ ಮಾಲೆ ತೂಗಾಡುತ್ತಿರುತ್ತದೆ. ನೇಕಾರನು ತುಳಿಗೆಯನ್ನು ತುಳಿದಂತೆಲ್ಲ ಒಂದೊಂದೇ ರಟ್ಟು ಮುಂದೆ ಬರುತ್ತದೆ. ತೂತು ಇದ್ದಲ್ಲಿ ಸೂಜಿ ಒಳಹೋಗುತ್ತದೆ, ಅದಕ್ಕೆ ಸೇರಿದ ಹಾಸುನೂಲು ಮೇಲೇಳುತ್ತದೆ. ತೂತು ಇಲ್ಲದಲ್ಲಿ ಸೂಜಿ ಹಿಂದೆ ಸರಿಯುತ್ತದೆ, ನೂಲು ಕೆಳಗೇ ಉಳಿಯುತ್ತದೆ. ತೂತು ಇದೆ ಅಥವಾ ಇಲ್ಲ ಎಂಬ ಎರಡೇ ಮಾತುಗಳಿಂದ ಸೆರಗಿನ ಮೇಲೆ ನವಿಲು ಮೂಡುತ್ತದೆ, ಹೂ ಅರಳುತ್ತದೆ. ಫ್ರಾನ್ಸಿನ ಜಕಾರ್ಡ್ ಎಂಬುವನು 1804ರಲ್ಲಿ ಈ ಸಾಧನಕ್ಕೆ ಅದರ ರೂಪ ಕೊಟ್ಟನು. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರಕ್ಕೆ ಇವೇ ರಟ್ಟುಗಳಿಂದ ಆಜ್ಞೆ ಕೊಡುವ ಯೋಜನೆ ಹಾಕಿದನು. ಮಗ್ಗವು ಹೂವು ಎಲೆಗಳನ್ನು ನೇಯುವಂತೆ ಈ ಯಂತ್ರವು ಬೀಜಗಣಿತವನ್ನು ನೇಯುವುದೆಂದು 1843ರಲ್ಲಿ ಬರೆದವಳು ಏಡಾ ಲವ್‌ಲೇಸ್ ಎಂಬ ಹೆಣ್ಣುಮಗಳು. ಅಮೆರಿಕೆಯ 1890ರ ಜನಗಣತಿಯ ಲೆಕ್ಕವನ್ನು ಹಾಲರಿತ್ ಎಂಬುವನು ಮಾಡಿದ್ದೂ ತೂತಿನ ರಟ್ಟುಗಳಿಂದಲೇ. ಇಂದಿನ ಗಣಕಯಂತ್ರದ ಒಂದು ಮತ್ತು ಸೊನ್ನೆಗಳಿಗೆ ಹೀಗೆ ಮಗ್ಗದ ನಂಟಿದೆ. ನೇಕಾರರ ಮನೆಯ ಮಗು ಗಣಕಯಂತ್ರದ ಮುಂದೆ ಕುಳಿತಾಗ ಹೊಸಬನಂತೆ ಅಂಜುವ ಕಾರಣವಿಲ್ಲ. ಈ ಮಾತನ್ನು ಆ ಮಗುವಿಗೆ ಯಾರಾದರೂ ಹೇಳಬೇಕು, ಅಷ್ಟೇ. ನಾವು ಇಷ್ಟು ವರ್ಷ ಹೇಳಿರಲಿಲ್ಲ.

ಹೇಳದಿರುವುದು ಮಾತ್ರವಲ್ಲ, ನಾವು ಮಾಡಿದ ತಪ್ಪುಗಳೂ ಉಂಟು. ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗನೊಬ್ಬ, ಕೆಟ್ಟ ಆಟಿಕೆಯ ಮೋಟರು, ಎರಡು ಬ್ಯಾಟರಿ ಸೆಲ್ಲು ಮತ್ತು ಔಷಧಿ ಬಾಟಲಿಯ ಮುಚ್ಚಳಗಳನ್ನು ಕೂಡಿಸಿ ಒಂದು ಗಾಡಿ ಮಾಡಿದ್ದನು. ಸಮಾಜ ವಿಜ್ಞಾನದ ಪಾಠ ನಡೆದಾಗ ಬೆಂಚಿನ ಕೆಳಗೆ ಅದು ಗುರ್ರೆಂದು ಓಡಿತು. ತರಗತಿಯೆಲ್ಲ ನಕ್ಕಿತು. ನಾವು ಅದನ್ನು ಕಿತ್ತುಕೊಂಡು ಶಿಕ್ಷಕರ ಕೋಣೆಯ ಅಲಮಾರಿಗೆ ಸೇರಿಸಿದೆವು. "ನಿಮ್ಮಪ್ಪನ್ನ ಕರಕೊಂಡು ಬಾ" ಎಂದೆವು. ಅಪ್ಪ ದುಡಿಯಲು ಹೋಗಿದ್ದರು, ಬರಲಿಲ್ಲ. ಹುಡುಗನೂ ಮತ್ತೆ ಕೇಳಲಿಲ್ಲ. ಹತ್ತನೆಯದನ್ನು ಹೇಗೋ ಮುಗಿಸಿ ಊರು ಬಿಟ್ಟನು. ಆ ಗಾಡಿಯು ಹೇಗೆ ಓಡಿತು, ಮುಚ್ಚಳಗಳಿಗೆ ಅಚ್ಚನ್ನು ಹೇಗೆ ಕೂಡಿಸಿದೆ ಎಂದು ನಮ್ಮಲ್ಲಿ ಒಬ್ಬರೂ ಅವನನ್ನು ಕೇಳಿರಲಿಲ್ಲ. ಪ್ರತಿ ವರ್ಷ ಸೆಪ್ಟೆಂಬರ್ 15ರಂದು ಸರ್ ಎಂ. ವಿಶ್ವೇಶ್ವರಯ್ಯನವರ ಭಾವಚಿತ್ರಕ್ಕೆ ಹಾರ ಹಾಕಿ ಭಾಷಣ ಮಾಡುವವರೂ ನಾವೇ. ನೀರು ಏರಿದಾಗ ತಾವಾಗಿಯೇ ತೆರೆದುಕೊಳ್ಳುವ ಬಾಗಿಲುಗಳನ್ನು ಅವರು 1903ರಲ್ಲಿ ಖಡಕ್‌ವಾಸ್ಲಾದಲ್ಲಿ ಅಳವಡಿಸಿದರೆಂದು ಆ ಭಾಷಣದಲ್ಲಿ ಹೇಳುತ್ತೇವೆ. ಒಂದು ತಗಡಿನ ಡಬ್ಬಿ ತಂದು, ಬಾಗಿಲು ತಾನಾಗಿ ತೆರೆಯುವುದು ಹೇಗೆಂದು ಮಕ್ಕಳಿಂದ ಮಾಡಿಸಿದ್ದಿಲ್ಲ.

ಗಣಕಯಂತ್ರದ ಕೋಣೆಯ ಕಥೆಯೂ ಹೀಗೆಯೇ. ಯಂತ್ರಗಳಿವೆ. ಅವುಗಳ ಮೇಲೆ ಬಟ್ಟೆಯ ಹೊದಿಕೆ ಇದೆ. ಬಾಗಿಲಿಗೆ ಬೀಗ ಇದೆ. ಕೆಟ್ಟರೆ ಲೆಕ್ಕ ಕೊಡುವವರು ಯಾರು ಎಂಬ ಅಂಜಿಕೆಯಿಂದ ಬೀಗದ ಕೈ ಯಾರ ಜೇಬಿನಲ್ಲಿದೆ ಎಂಬುದೇ ಮರೆತುಹೋಗುತ್ತದೆ. ಬಳಸಿ ಕೆಟ್ಟ ಯಂತ್ರವು ಹತ್ತು ಮಕ್ಕಳಿಗಾದರೂ ಏನನ್ನೋ ಕಲಿಸಿರುತ್ತದೆ. ಹೊದಿಕೆಯ ಕೆಳಗೇ ಮುಪ್ಪಾದ ಯಂತ್ರವು ಯಾರಿಗೆ ಏನು ಕಲಿಸೀತು? 1984ರಲ್ಲಿ ನಮ್ಮ ದೇಶದ ಶಾಲೆಗಳಿಗೆ 'ಕ್ಲಾಸ್' ಎಂಬ ಯೋಜನೆಯಡಿ ಮೊದಲ ಗಣಕಯಂತ್ರಗಳು ಬಂದವು. ಅಂದಿನಿಂದ ಇಂದಿನವರೆಗೆ ಯಂತ್ರಗಳು ಎಷ್ಟೋ ಬದಲಾದವು, ಬೀಗ ಮಾತ್ರ ಬದಲಾಗಲಿಲ್ಲವೆಂದು ತೋರುತ್ತದೆ.

ಮೊಬೈಲು ಮನೆಮನೆಯಲ್ಲಿರುವಾಗ ಗಣಕಯಂತ್ರದ ಗೊಡವೆ ಏಕೆಂದು ಕೆಲವು ಪಾಲಕರು ಕೇಳುತ್ತಾರೆ. ಮೊಬೈಲಿನಲ್ಲಿ ಇತರರು ಮಾಡಿಟ್ಟ ಆಟವನ್ನು ಮಗು ಆಡುತ್ತದೆ. ನಾವು ಹೇಳುವುದು ಆಟವನ್ನು ತಾನೇ ಮಾಡುವ ಸಂಗತಿ. ಪ್ಯಾಪರ್ಟ್ ಮತ್ತು ಅವರ ಸಂಗಡಿಗರು 1967ರಲ್ಲಿ ಮಕ್ಕಳಿಗಾಗಿ 'ಲೋಗೋ' ಎಂಬ ಗಣಕಭಾಷೆಯನ್ನು ರಚಿಸಿದರು. ಪರದೆಯ ಮೇಲಿನ ಆಮೆಗೆ ಮುಂದೆ ಹೋಗು, ಬಲಕ್ಕೆ ತಿರುಗು ಎಂದು ಆಜ್ಞೆ ಕೊಟ್ಟರೆ ಅದು ನಡೆದ ದಾರಿಯೇ ಚಿತ್ರವಾಗುತ್ತದೆ. 2007ರಲ್ಲಿ ಬಂದ 'ಸ್ಕ್ರ್ಯಾಚ್' ಎಂಬುದು ಅದೇ ಮನೆತನದ್ದು. ಅದಕ್ಕೆ ಹಣ ಕೊಡಬೇಕಾಗಿಲ್ಲ.

ಯಂತ್ರವಿಲ್ಲದಿದ್ದರೂ ಈ ಆಟ ನಿಲ್ಲದು. ಈ ವರ್ಷ ನಾವು ಆಟದ ಬಯಲಿನಲ್ಲಿ ಒಬ್ಬ ಹುಡುಗನ ಕಣ್ಣು ಕಟ್ಟಿ ಅವನನ್ನೇ ಆಮೆ ಮಾಡಿ, ಕೈಯಲ್ಲಿ ಸುಣ್ಣದ ಪುಡಿ ಕೊಟ್ಟೆವು. ಆಜ್ಞೆ ಕೊಡುವವರು ಉಳಿದವರು. ಹತ್ತು ಹೆಜ್ಜೆ ನಡೆ, ಬಲಕ್ಕೆ 90 ಅಂಶ ತಿರುಗು, ಇದನ್ನು ನಾಲ್ಕು ಸಲ ಮಾಡು ಎಂದಾಗ ಚೌಕ ಬಂದಿತು. ತ್ರಿಕೋನದಲ್ಲಿ ಎಲ್ಲರೂ ಎಡವಿದರು. ತ್ರಿಕೋನದ ಕೋನ 60 ಅಂಶ, ಆದುದರಿಂದ 60 ತಿರುಗು ಎಂದರು. ಮೂರು ಸಲವಾದರೂ ಆಮೆ ಮನೆಗೆ ಮರಳಲಿಲ್ಲ, ಷಟ್ಕೋನದ ಅರ್ಧದಲ್ಲಿ ನಿಂತುಬಿಟ್ಟಿತು. ಎಷ್ಟೋ ಹೊತ್ತು ಜಗಳವಾಡಿದ ಮೇಲೆ ಎಂಟನೆಯ ತರಗತಿಯ ಹುಡುಗಿಯೊಬ್ಬಳು ತಾನೇ ಆ ಗೆರೆಯ ಮೇಲೆ ನಡೆದುನೋಡಿ, "ನಾವು ತಿರುಗೋದು ಹೊರಗಿನ ಕೋನ ಸರ್, 120 ಆಗಬೇಕು" ಎಂದಳು. ಬಹಿಷ್ಕೋನವನ್ನು ನಾವು ಕರಿಹಲಗೆಯ ಮೇಲೆ ಎಷ್ಟೋ ವರ್ಷ ಬರೆದಿದ್ದೇವೆ. ಯಾರೂ ಅದಕ್ಕಾಗಿ ಜಗಳವಾಡಿದ್ದಿಲ್ಲ! ಮರುದಿನ ಅವರು 144 ಅಂಶ ಐದು ಸಲ ತಿರುಗಿಸಿ ನಕ್ಷತ್ರ ಬರೆದರು.

ಕೈಯಿಂದ ಮಾಡುವ ಕೆಲಸಕ್ಕೂ ಹೆಚ್ಚು ಖರ್ಚು ಬೇಡ. ಕಸದಿಂದ ವಿಜ್ಞಾನದ ಆಟಿಕೆಗಳನ್ನು ಮಾಡಿ ತೋರಿಸುತ್ತ ಬಂದ, ಕಾನ್ಪುರದ ಐ.ಐ.ಟಿ.ಯಲ್ಲಿ ಓದಿದ ಅರವಿಂದ ಗುಪ್ತಾ ಅವರ ಪುಟ್ಟ ಮೋಟರು ಇದಕ್ಕೆ ಒಳ್ಳೆಯ ಉದಾಹರಣೆ. ಒಂದು ಸೆಲ್ಲು, ಎರಡು ಪಿನ್ನು, ಒಂದು ಅಯಸ್ಕಾಂತ, ಅರಗು ಬಳಿದ ತಾಮ್ರದ ತಂತಿಯ ಒಂದು ಸುರುಳಿ, ಇಷ್ಟೇ. ಸುರುಳಿಯ ಒಂದು ತುದಿಯ ಅರಗನ್ನು ಪೂರ್ತಿ ಕೆರೆಯಬೇಕು, ಇನ್ನೊಂದು ತುದಿಯದನ್ನು ಒಂದು ಮಗ್ಗುಲು ಮಾತ್ರ ಕೆರೆಯಬೇಕು. ಎರಡನ್ನೂ ಪೂರ್ತಿ ಕೆರೆದ ಮಗುವಿನ ಮೋಟರು ನಡುಗುತ್ತದೆ, ತಿರುಗುವುದಿಲ್ಲ. ಅರ್ಧ ಸುತ್ತಿಗೆ ವಿದ್ಯುತ್ತು ನಿಲ್ಲದಿದ್ದರೆ ಅಯಸ್ಕಾಂತವು ಸುರುಳಿಯನ್ನು ಹಿಂದಕ್ಕೆ ಎಳೆಯುವುದೇ ಇದಕ್ಕೆ ಕಾರಣ. ಇದನ್ನು ಕಂಡುಕೊಂಡ ಮಗುವನ್ನು ಜುರಾಲಾ ಅಣೆಕಟ್ಟಿಗೆ ಕರೆದೊಯ್ದರೆ, ಅಲ್ಲಿ 39 ಮೆಗಾವಾಟ್‌ಗಳ ಆರು ಯಂತ್ರಗಳಲ್ಲಿ ನೀರು ಸುರುಳಿಯ ಕೆಲಸವನ್ನು ತಿರುವುಮುರುವು ಮಾಡಿಸುತ್ತಿದೆ ಎಂಬುದು ಅದಕ್ಕೆ ಹೊಳೆದೀತು. ಒಂದು ಎಚ್ಚರಿಕೆಯನ್ನು ಮಾತ್ರ ಮರೆಯಬಾರದು. ಮನೆಯ ಕರೆಂಟಿನ ಜೋಡಣೆ, ಪಂಪ್‌ಸೆಟ್ಟಿನ ಸ್ಟಾರ್ಟರು, ಮೊಬೈಲಿನ ಬ್ಯಾಟರಿ ಈ ಮೂರನ್ನು ಮಕ್ಕಳು ಬಿಚ್ಚಲೇಬಾರದು. ಆಟಕ್ಕೆ ಒಂದೂವರೆ ವೋಲ್ಟಿನ ಸೆಲ್ಲು ಸಾಕು.

ಕೇಂದ್ರ ಸರಕಾರವು 2016ರಿಂದ ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳಿಗಾಗಿ ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿಗಳವರೆಗೆ ಕೊಡುತ್ತ ಬಂದಿದೆ. ಬಂದರೆ ಸಂತೋಷವೇ. ಬರುವವರೆಗೆ ಕೈಕಟ್ಟಿ ಕೂಡುವುದು ನಮಗೆ ಒಪ್ಪಿಗೆಯಿಲ್ಲ.

ಕನ್ನಡ ಮಾಧ್ಯಮದ ಮಕ್ಕಳಿಗೆ ಮುಂದೆ ದಾರಿಯಿಲ್ಲವೆಂಬ ಮಾತು ನಮ್ಮ ಗಡಿಭಾಗದಲ್ಲಿ ಹೆಚ್ಚು. ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ತೆಲುಗು, ಯಂತ್ರದ ಮುಂದೆ ಇಂಗ್ಲಿಷು, ಹೀಗೆ ಮಗುವಿಗೆ ಮೂರು ಕಡೆಯ ಎಳೆತ. ದಾರಿ ಕಠಿಣವೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. 2021ರಿಂದ ಜೆ.ಇ.ಇ. ಮೇನ್ ಪರೀಕ್ಷೆಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ನಡೆಸಲಾಯಿತು. ಆದರೆ ಆ ವರ್ಷದ ನಿಯಮದಂತೆ ಕನ್ನಡದ ಪ್ರಶ್ನೆಪತ್ರಿಕೆ ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ತೆಲಂಗಾಣದ ಕನ್ನಡ ಮಗು ತನ್ನ ಭಾಷೆಯಲ್ಲಿ ಬರೆಯಬೇಕಾದರೆ ಗಡಿಯನ್ನು ದಾಟಿಯೇ ಹೋಗಬೇಕಾಗಿತ್ತು. ಇದು ಸರಿಯಲ್ಲವೆಂದು ನಾವು ಹೇಳಲೇಬೇಕು. ಆದರೂ ಯೋಚಿಸುವ ವಿದ್ಯೆಗೆ ಭಾಷೆಯ ಬೇಲಿಯಿಲ್ಲ. ಬಯಲಿನಲ್ಲಿ 120 ಎಂದ ಹುಡುಗಿ ಯೋಚಿಸಿದ್ದು ಕನ್ನಡದಲ್ಲಿ. 26 ಕೀಲಿಗಳಲ್ಲಿ ಇಡೀ ಕನ್ನಡ ವರ್ಣಮಾಲೆಯನ್ನು ಕೂಡಿಸಿದ ಕೀಲಿಮಣೆಯ ವಿನ್ಯಾಸವನ್ನು ಕೆ. ಪಿ. ರಾಯರು ಕೊಟ್ಟಿದ್ದಾರಾಗಿ ಯಂತ್ರದ ಮುಂದೆಯೂ ಅವಳು ತನ್ನ ಹೆಸರನ್ನು ಕನ್ನಡದಲ್ಲಿಯೇ ಮೂಡಿಸಬಲ್ಲಳು. ಹತ್ತನೆಯ ತರಗತಿಯ ನಂತರ ಆರು ವರ್ಷಗಳ ಎಂಜಿನಿಯರಿಂಗ್ ಶಿಕ್ಷಣಕ್ಕೆ ಗ್ರಾಮೀಣ ಮಕ್ಕಳನ್ನು ಸೇರಿಸಿಕೊಳ್ಳುವ ಬಾಸರದ ವಿಶ್ವವಿದ್ಯಾಲಯವೂ ನಮ್ಮ ರಾಜ್ಯದಲ್ಲಿಯೇ ಇದೆ. 2023ರ ಅಕ್ಟೋಬರ್ 1ರಂದು ಜಕ್ಲೇರ್‌ನಿಂದ ಕೃಷ್ಣಾದವರೆಗಿನ 37 ಕಿಲೋಮೀಟರ್ ಹೊಸ ರೈಲುಮಾರ್ಗ ಲೋಕಾರ್ಪಣೆಯಾದ ಮೇಲೆ ನಮ್ಮ ಮಕ್ಕಳಿಗೆ ಹೊರಡುವ ದಾರಿಯೂ ಸುಲಭವಾಗಿದೆ.

ಪಾಲಕ ಬಂಧುಗಳಲ್ಲಿ ನಮ್ಮ ಬೇಡಿಕೆ ಸಣ್ಣದು. ಗುಜರಿಗೆ ಹಾಕುವ ಮೊದಲು ಕೆಟ್ಟ ರೇಡಿಯೋ, ಕೆಟ್ಟ ಗಡಿಯಾರ, ಮುರಿದ ಆಟಿಕೆಗಳನ್ನು ಸೆಲ್ಲು ತೆಗೆದು ಶಾಲೆಗೆ ಕಳಿಸಿರಿ. ಹೆಣ್ಣುಮಕ್ಕಳ ಕೈಯಲ್ಲಿಯೂ ಸ್ಕ್ರೂಡ್ರೈವರ್ ಕೊಡಿರಿ. ಅಡಿಗೆ ಕಲಿಯಲಿ ಎನ್ನುವ ಮನೆಗಳಲ್ಲಿ ಕೆಟ್ಟ ಮಿಕ್ಸರನ್ನು ಬಿಚ್ಚಿ ನೋಡುವುದನ್ನೂ ಅಡಿಗೆಯ ಭಾಗವೆಂದೇ ತಿಳಿಯಲಿ. ಪ್ಲಗ್ಗನ್ನು ಕಿತ್ತ ಮೇಲೆ, ಅಷ್ಟೇ.

ನಮ್ಮ ಪಾಲಿನದನ್ನು ನಾವು ಆರಂಭಿಸಿದ್ದೇವೆ. ಈ ವರ್ಷದಿಂದ ಶನಿವಾರದ ಕೊನೆಯ ಎರಡು ಅವಧಿಗಳಲ್ಲಿ ಗಣಕಯಂತ್ರದ ಕೋಣೆ ತೆರೆದಿರುತ್ತದೆ. ಬೀಗದ ಕೈಯನ್ನು ಒಂಬತ್ತನೆಯ ತರಗತಿಯ ಮುಖಂಡಳಿಗೆ ಕೊಟ್ಟಿದ್ದೇವೆ. ಇದುವರೆಗೆ ಒಂದು ಮೌಸು ಕೆಟ್ಟಿದೆ, ಒಂದು ಕೀಲಿಮಣೆಯ ಎರಡು ಗುಂಡಿಗಳು ಹೋಗಿವೆ. ಅದನ್ನು ದಾಖಲೆ ಪುಸ್ತಕದಲ್ಲಿ ಬರೆದಿಟ್ಟಿದ್ದೇವೆ. ಅಲಮಾರಿಯಲ್ಲಿದ್ದ ಆ ಗಾಡಿಯನ್ನೂ ಹೊರಗೆ ತೆಗೆದು ಮೇಜಿನ ಮೇಲಿಟ್ಟಿದ್ದೇವೆ. ಸೆಲ್ಲುಗಳು ಸೋರಿ ತಂತಿ ಹಸಿರಾಗಿದೆ. ಏಳನೆಯ ತರಗತಿಯ ಇಬ್ಬರು ಅದನ್ನು ಮತ್ತೆ ಓಡಿಸುತ್ತೇವೆಂದು ಬಿಚ್ಚಿಕೊಂಡು ಕುಳಿತಿದ್ದಾರೆ. ಅದನ್ನು ಮಾಡಿದವನು ಈ ಸಂಚಿಕೆಯನ್ನು ಎಲ್ಲಿಯಾದರೂ ಓದಿದರೆ ಒಮ್ಮೆ ಶಾಲೆಗೆ ಬರಬೇಕು. ಮುಚ್ಚಳಗಳಿಗೆ ಅಚ್ಚನ್ನು ಹೇಗೆ ಕೂಡಿಸಿದ್ದನೆಂಬುದು ಅವರಿಬ್ಬರಿಗೂ ತಿಳಿಯುತ್ತಿಲ್ಲ, ನಮಗೂ ತಿಳಿಯುತ್ತಿಲ್ಲ.