ಅಲಾಯ್ ವೀಲ್ ಮೊದಲೋ, ಬ್ರೇಕ್ ಆಯಿಲ್ ಮೊದಲೋ?

ಕಳೆದ ತಿಂಗಳು ಚಿಕ್ಕಮ್ಮನ ಮಗ ಮೂಡುಬಿದಿರೆಯಿಂದ ಫೋನ್ ಮಾಡಿದ. "ಅಣ್ಣಾ, ಒಂದು ವಿಷಯ ಕೇಳ್ಲಿಕ್ಕುಂಟು. ಕಾರಿಗೆ ಸ್ವಲ್ಪ ಖರ್ಚು ಮಾಡುವ ಅಂತ."

ಅವನದ್ದು ಏಳು ವರ್ಷ ಹಳೆಯ ಸಣ್ಣ ಕಾರು, ಸೆಕೆಂಡ್ ಹ್ಯಾಂಡ್. ದಿನಾ ಸಿದ್ಧಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ ಕೆಲಸಕ್ಕೆ ಹೋಗಿ ಬರುತ್ತಾನೆ. ಅಂಗಡಿಯವರು ಕೊಟ್ಟ ಕೊಟೇಶನ್ನನ್ನು ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ: 15 ಇಂಚಿನ ನಾಲ್ಕು ಅಲಾಯ್ ವೀಲ್, ಮುಂದಿನ ಎರಡು ಚಕ್ರಕ್ಕೆ ತೂತು ಕೊರೆದ ಹಗುರ ಬ್ರೇಕ್ ಡಿಸ್ಕ್, ಮೇಲೆ ಕೆಂಪು ಬಣ್ಣದ ಕ್ಯಾಲಿಪರ್ ಕವರ್. ಒಟ್ಟು ₹52,000.

"ಚಕ್ರ ಹಗುರ ಆದ್ರೆ ಪಿಕಪ್ ಬರ್ತದೆ, ಮೈಲೇಜ್ ಬರ್ತದೆ, ಬ್ರೇಕ್ ಗಟ್ಟಿ ಹಿಡೀತದೆ ಅಂತ ಹೇಳ್ತಾರೆ. ಹೌದಾ?"

ನಾನು ಕೂಡಲೇ ಬೇಡ ಅನ್ನಲಿಲ್ಲ. ಅವನ ವಯಸ್ಸಿನಲ್ಲಿ ನಾನೂ ಇಂಥದ್ದೇ ಪಟ್ಟಿ ಹಿಡಿದು ತಿರುಗಿದವ. "ಭಾನುವಾರ ಮನೆಗೆ ಬಾ, ತೂಗಿ ನೋಡುವ" ಅಂದೆ.

ಅಡಿಕೆ ತಕ್ಕಡಿಯಲ್ಲಿ ಚಕ್ರ

ನಮ್ಮ ಮನೆ ಬೆಳ್ತಂಗಡಿ ಹತ್ತಿರ. ಅಡಿಕೆ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಇದೆ. ಅವನ ಕಾರಿನ 14 ಇಂಚಿನ ಕಬ್ಬಿಣದ ರಿಮ್ ಒಂದನ್ನು ಟಯರ್ ಬಿಚ್ಚಿಸಿ ತಂದಿದ್ದ. ಗೆಳೆಯನ ಹತ್ತಿರ ಅಂಗಡಿಯವರು ಹೇಳಿದ್ದೇ ಬಗೆಯ 15 ಇಂಚಿನ ಅಲಾಯ್ ಇತ್ತು, ಅದನ್ನೂ ತಂದಿದ್ದ.

ಕಬ್ಬಿಣದ್ದು 6 ಕೆ.ಜಿ. 900 ಗ್ರಾಂ. ಅಲಾಯ್ 7 ಕೆ.ಜಿ. 400 ಗ್ರಾಂ.

ತಮ್ಮ ಎರಡು ಸಲ ತೂಗಿದ. ತಕ್ಕಡಿ ಸರಿ ಉಂಟಾ ಅಂತ ಅಪ್ಪನನ್ನೂ ಕೇಳಿದ. ಅಪ್ಪನಿಗೆ ಸಿಟ್ಟು ಬಂತು, ಅದು ಬೇರೆ ವಿಷಯ.

ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಅಲ್ಯುಮಿನಿಯಂ ಕಬ್ಬಿಣಕ್ಕಿಂತ ಹಗುರ ಹೌದು. ಆದರೆ ಅದು ಅಷ್ಟು ಗಟ್ಟಿಯಲ್ಲ, ಹಾಗಾಗಿ ದಪ್ಪವಾಗಿ ಎರಕ ಹೊಯ್ಯಬೇಕು. ಅದರ ಮೇಲೆ ಗಾತ್ರವನ್ನೂ ಒಂದು ಇಂಚು ದೊಡ್ಡದು ಮಾಡಿದರೆ ಉಳಿದ ಲಾಭವೂ ಹೋಯಿತು. ಅಗಲದ ಟಯರ್ ಹಾಕಿದರೆ ಇನ್ನೂ ಸ್ವಲ್ಪ ಭಾರ. ನಿಜವಾಗಿ ಹಗುರ ಆಗಬೇಕಾದರೆ ಅದೇ ಗಾತ್ರದ ಒಳ್ಳೆಯ ಅಲಾಯ್ ಬೇಕು, ಇಲ್ಲವೇ ಒತ್ತಿ ತಯಾರಿಸಿದ ಫೋರ್ಜ್ಡ್ ವೀಲ್ ಬೇಕು. ಅದರ ಬೆಲೆ ಕೇಳಿದರೆ ತಲೆ ತಿರುಗುತ್ತದೆ.

ಹಗುರ ಆದರೂ ಎಷ್ಟು ಲಾಭ?

ಸರಿ, ಪ್ರತಿ ಚಕ್ರಕ್ಕೆ 1 ಕೆ.ಜಿ. ನಿಜವಾಗಿಯೂ ಕಡಿಮೆ ಆಯಿತು ಅಂತಲೇ ಇಟ್ಟುಕೊಳ್ಳಿ. ನಾಲ್ಕಕ್ಕೆ 4 ಕೆ.ಜಿ. ಚಕ್ರ ಮುಂದೆ ಹೋಗುವುದರ ಜೊತೆಗೆ ತಿರುಗಲೂ ಬೇಕು. ಆದ್ದರಿಂದ ವೇಗ ಏರಿಸುವಾಗ ಅದರ ಭಾರ ಹೆಚ್ಚು ಲೆಕ್ಕಕ್ಕೆ ಬರುತ್ತದೆ. ಎಷ್ಟು ಹೆಚ್ಚು? ಹತ್ತು ಪಟ್ಟು ಅನ್ನುವವರಿದ್ದಾರೆ, ಅದು ಸುಳ್ಳು. ಎಲ್ಲ ಭಾರವೂ ಚಕ್ರದ ಹೊರ ಅಂಚಿನಲ್ಲೇ ಇದ್ದರೂ ಎರಡು ಪಟ್ಟಿಗಿಂತ ಹೆಚ್ಚಾಗುವುದಿಲ್ಲ. ಅಂದರೆ 4 ಕೆ.ಜಿ. ಹೆಚ್ಚೆಂದರೆ 8 ಕೆ.ಜಿ.ಗೆ ಸಮ.

8 ಕೆ.ಜಿ. ಅಂದರೆ ಒಂದು ಹಲಸಿನಹಣ್ಣು. ಅಮ್ಮ ಊರಿಂದ ಹೊರಡುವಾಗ ಡಿಕ್ಕಿಯಲ್ಲಿ ಇಟ್ಟು ಕಳಿಸುವಂಥದ್ದು. ಅದನ್ನು ಇಳಿಸಿದ ದಿನ ಕಾರಿನ ಪಿಕಪ್ ಜಾಸ್ತಿ ಆಯಿತು ಅಂತ ನಿಮಗೆ ಯಾವತ್ತಾದರೂ ಅನ್ನಿಸಿದೆಯಾ? ಜನ ಕೂತ ಕಾರು ಸುಮಾರು 1,200 ಕೆ.ಜಿ. ಇರುತ್ತದೆ, ಅದರಲ್ಲಿ 8 ಕೆ.ಜಿ. ಶೇಕಡಾ ಒಂದೂ ಅಲ್ಲ. ಮೈಲೇಜ್ ಕೂಡ ಹಾಗೆಯೇ. ಒಂದೇ ವೇಗದಲ್ಲಿ ಹೋಗುವಾಗ ಚಕ್ರದ ಭಾರ ಹೆಚ್ಚುಕಡಿಮೆ ಲೆಕ್ಕಕ್ಕೇ ಬರುವುದಿಲ್ಲ. ಟಯರ್‌ನಲ್ಲಿ ಗಾಳಿ ಕಡಿಮೆ ಇದ್ದರೆ ಅದಕ್ಕಿಂತ ಹೆಚ್ಚು ಪೆಟ್ರೋಲ್ ಹೋಗುತ್ತದೆ.

ಒಂದು ಲಾಭ ಇರುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಚಕ್ರ ಸ್ಪ್ರಿಂಗ್‌ನ ಕೆಳಗೆ ಇರುವ ಭಾರ. ಅದು ಹಗುರ ಇದ್ದಷ್ಟು ಹೊಂಡ-ಉಬ್ಬುಗಳಲ್ಲಿ ಬೇಗ ಎದ್ದು ಬೇಗ ಕೂರುತ್ತದೆ, ಟಯರ್ ರಸ್ತೆ ಬಿಡುವುದು ಕಡಿಮೆ. ರೇಸ್‌ನವರು ಇದಕ್ಕಾಗಿಯೇ ಗ್ರಾಂ ಲೆಕ್ಕದಲ್ಲಿ ಒದ್ದಾಡುತ್ತಾರೆ. ಆದರೆ ದಿನನಿತ್ಯದ ಕಾರಿನಲ್ಲಿ ಸೋರುತ್ತಿರುವ ಶಾಕ್ ಅಬ್ಸಾರ್ಬರ್ ಬದಲಿಸಿದರೆ ಅದರ ಎಷ್ಟೋ ಪಟ್ಟು ವ್ಯತ್ಯಾಸ ಗೊತ್ತಾಗುತ್ತದೆ.

ನಮ್ಮ ಕಡೆಯ ರಸ್ತೆಗೆ ಇನ್ನೊಂದು ಮಾತು. ರಿಮ್ ದೊಡ್ಡದಾದರೆ ಟಯರ್‌ನ ಬದಿಯ ರಬ್ಬರ್ ಗಿಡ್ಡ ಆಗುತ್ತದೆ. ಆಟಿ ತಿಂಗಳಲ್ಲಿ ನೀರು ತುಂಬಿದ ಹೊಂಡದ ಆಳ ಯಾರಿಗೂ ಕಾಣುವುದಿಲ್ಲ. ಕಬ್ಬಿಣದ ರಿಮ್ ಬಗ್ಗಿದರೆ ಬಡಿದು ಸರಿ ಮಾಡಬಹುದು. ಕಳಪೆ ಅಲಾಯ್ ಬಿರುಕು ಬಿಡುತ್ತದೆ.

ಚಾರ್ಮಾಡಿಯಲ್ಲಿ ನಾನು ಕಲಿತದ್ದು

ಇಷ್ಟಾದ ಮೇಲೆ ತಮ್ಮ, "ವೀಲ್ ಬಿಡಿ ಅಣ್ಣಾ, ಬ್ರೇಕ್ ಆದ್ರೂ ಹಾಕ್ಸುವನಾ?" ಅಂದ. ಆಗ ಇದುವರೆಗೆ ಅವನಿಗೆ ಹೇಳದ ಕಥೆ ಹೇಳಿದೆ.

ನಾಲ್ಕು ವರ್ಷದ ಹಿಂದೆ ಮೂಡಿಗೆರೆಯಲ್ಲಿ ಮದುವೆ ಮುಗಿಸಿ ವಾಪಸ್ ಬರುತ್ತಿದ್ದೆವು. ಕಾರಿನಲ್ಲಿ ಅಪ್ಪ, ಅಮ್ಮ, ಹೆಂಡತಿ, ಹಿಂದೆ ನಿದ್ದೆ ಮಾಡುತ್ತಿದ್ದ ಮಗಳು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಘಾಟಿ ಇಳಿಯಲು ಶುರು ಮಾಡಿದೆ. ರಸ್ತೆ ಖಾಲಿ ಇತ್ತು. ನಾಲ್ಕನೇ ಗೇರ್, ಕಾಲು ಬ್ರೇಕ್ ಮೇಲೆ. ತಿರುವು ಬಂದಾಗ ಒತ್ತುವುದು, ಆಮೇಲೂ ಪೂರ್ತಿ ಬಿಡದೆ ಸವರುತ್ತಲೇ ಇರುವುದು. ಒಂದು ತಿರುವಿನಲ್ಲಿ ಸುಟ್ಟ ವಾಸನೆ ಬಂತು. ಹಿಂದಿನ ಲಾರಿಯದ್ದಿರಬೇಕು ಅಂದುಕೊಂಡೆ. ಹಿಂದೆ ಲಾರಿಯೇ ಇರಲಿಲ್ಲ.

ಮುಂದಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಸ್ಪಂಜಿನ ಹಾಗೆ ಕೆಳಗೆ ಹೋಯಿತು. ಕಾರು ಅದರ ಪಾಡಿಗೆ ಇಳಿಯುತ್ತಿತ್ತು.

ಪೆಡಲ್ಲನ್ನು ಬಿಟ್ಟು ಬಿಟ್ಟು ಒತ್ತಿದೆ. ಮೂರನೇ ಗೇರ್, ಕೂಡಲೇ ಎರಡನೆಯದು. ಇಂಜಿನ್ ಕೂಗಿತು, ವೇಗ ತಗ್ಗಿತು. ಹ್ಯಾಂಡ್‌ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ಗುಡ್ಡದ ಬದಿಯ ಚರಂಡಿಗೆ ಒರಗಿಸಿ ನಿಲ್ಲಿಸಿದೆ. ಹತ್ತೋ ಹನ್ನೆರಡೋ ಸೆಕೆಂಡಿನ ವಿಷಯ. ಅಮ್ಮ ಕೇಳಿದ್ದು ಒಂದೇ: "ಎಂತ, ಇಲ್ಲಿ ಯಾಕೆ ನಿಲ್ಸಿದ್ದು?" ನನ್ನ ಕಾಲು ನಡುಗುತ್ತಿತ್ತು. "ಫೋಟೋ ತೆಗೀಲಿಕ್ಕೆ" ಅಂದೆ.

ಬ್ರೇಕ್ ಹಾಳಾಗಿರಲಿಲ್ಲ. ಒಂದು ಗಂಟೆ ತಣಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಯಿತು. ಮರುದಿನ ಗುರುವಾಯನಕೆರೆಯ ಮೆಕ್ಯಾನಿಕ್ ಅಣ್ಣ ಬಾನೆಟ್ ತೆಗೆದು ಬ್ರೇಕ್ ಆಯಿಲ್ ತೋರಿಸಿದರು. ಕಣ್ಣ ಚಹಾದ ಬಣ್ಣ. "ಯಾವಾಗ ಬದಲಿಸಿದ್ದು?" ಅಂದರು. ಕಾರು ತೆಗೆದುಕೊಂಡ ಮೇಲೆ ಬದಲಿಸಿಯೇ ಇರಲಿಲ್ಲ. ಆ ವರ್ಷ ನಾನು ಮ್ಯೂಸಿಕ್ ಸಿಸ್ಟಮ್‌ಗೆ ₹18,000 ಕೊಟ್ಟಿದ್ದೆ.

ಆದದ್ದು ಏನು?

ಬ್ರೇಕ್ ಮಾಡುವ ಕೆಲಸ ಒಂದೇ, ಓಟವನ್ನು ಶಾಖ ಮಾಡುವುದು. 1,200 ಕೆ.ಜಿ. ಕಾರನ್ನು 60 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಎಷ್ಟು ಶಾಖ ಹುಟ್ಟುತ್ತದೋ, ಅದೇ ಕಾರು ಘಾಟಿಯಲ್ಲಿ 100 ಮೀಟರ್ ಎತ್ತರ ಇಳಿಯುವಾಗ ಅದರ ಸುಮಾರು 7 ಪಟ್ಟು ಶಕ್ತಿಯನ್ನು ಎಲ್ಲಾದರೂ ಕಳೆಯಬೇಕು. ಇಂಜಿನ್ ಬ್ರೇಕಿಂಗ್ ಇಲ್ಲದಿದ್ದರೆ ಅದರಲ್ಲಿ ಬಹುಪಾಲು ಡಿಸ್ಕ್‌ಗೆ ಹೋಗುತ್ತದೆ. ಚಾರ್ಮಾಡಿ 100 ಮೀಟರಿಗೆ ಮುಗಿಯುವ ಘಾಟಿ ಅಲ್ಲ.

ಈಗ ತೂತು ಕೊರೆದ ಹಗುರ ಡಿಸ್ಕ್ ವಿಷಯಕ್ಕೆ ಬನ್ನಿ. ಡಿಸ್ಕ್ ಅಂದರೆ ಶಾಖ ಹಿಡಿದಿಡುವ ಪಾತ್ರೆ. ದಪ್ಪ ತಳದ ಪಾತ್ರೆ ನಿಧಾನವಾಗಿ ಬಿಸಿ ಆಗುತ್ತದೆ, ತೆಳು ಪಾತ್ರೆ ಬೇಗ ಕೆಂಪಗಾಗುತ್ತದೆ. ಅದೇ ಲೋಹದ ಡಿಸ್ಕ್‌ನಲ್ಲಿ ಭಾರ ಕಡಿಮೆ ಮಾಡಿದರೆ ಘಾಟಿಯಲ್ಲಿ ನಷ್ಟವೇ ಹೊರತು ಲಾಭ ಅಲ್ಲ. ಹಗುರವೂ ಆಗಿ ಶಾಖವನ್ನೂ ತಡೆಯುವ ಕಾರ್ಬನ್ ಸೆರಾಮಿಕ್ ಡಿಸ್ಕ್ ಇದೆ, ಆದರೆ ಅದು ಲಕ್ಷಗಳ ಮಾತು.

ಇನ್ನು ಬ್ರೇಕ್ ಆಯಿಲ್. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಬೇಕು. ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಟ್ಟ 140ಕ್ಕೆ ಇಳಿಯುತ್ತದೆ. ಡಾಟ್ 4ರಲ್ಲಿ 230 ಇದ್ದದ್ದು 155 ಆಗುತ್ತದೆ. ಆಯಿಲ್ ಕುದಿದರೆ ಒಳಗೆ ಆವಿಯ ಗುಳ್ಳೆ ಏಳುತ್ತದೆ. ದ್ರವವನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ, ಆವಿಯನ್ನು ಆಗುತ್ತದೆ. ನೀವು ಪೆಡಲ್ ಒತ್ತಿದ್ದು ಗುಳ್ಳೆ ಕುಗ್ಗಿಸಲಿಕ್ಕೇ ಮುಗಿದುಹೋಗುತ್ತದೆ, ಚಕ್ರದ ವರೆಗೆ ತಲುಪುವುದಿಲ್ಲ. ಮಳೆಗಾಲದಲ್ಲಿ ಬಟ್ಟೆಯೇ ಒಣಗದ ನಮ್ಮ ಊರಿನಲ್ಲಿ ಎರಡು ವರ್ಷಕ್ಕೊಮ್ಮೆ ಇದನ್ನು ಬದಲಿಸಲೇಬೇಕು.

ನಿಲ್ಲಿಸುವುದು ಟಯರ್

ಸಮತಟ್ಟು ರಸ್ತೆಯ ಮಾತು ಬೇರೆ. ಅಲ್ಲಿ ಕಂಪನಿಯ ಬ್ರೇಕೇ ಚಕ್ರವನ್ನು ಪೂರ್ತಿ ಹಿಡಿದು ನಿಲ್ಲಿಸುವಷ್ಟು ಬಲ ಇರುವಂಥದ್ದು, ಅದಕ್ಕೇ ಎಬಿಎಸ್ ಇಟ್ಟಿರುವುದು. ಅದಕ್ಕಿಂತ ದೊಡ್ಡ ಬ್ರೇಕ್ ಹಾಕಿದರೂ ಕಾರು ಬೇಗ ನಿಲ್ಲುವುದಿಲ್ಲ. ಕೊನೆಗೆ ರಸ್ತೆಯನ್ನು ಹಿಡಿಯುವುದು ಟಯರ್.

60 ಕಿ.ಮೀ. ವೇಗದಲ್ಲಿ ಒಣ ರಸ್ತೆಯಲ್ಲಿ ಒಳ್ಳೆಯ ಟಯರ್ ಇದ್ದರೆ ಬ್ರೇಕ್ ಹಿಡಿದ ಮೇಲೆ ಸುಮಾರು 20 ಮೀಟರ್ ಬೇಕು. ಒದ್ದೆ ರಸ್ತೆಯಲ್ಲಿ ಹಿಡಿತ ಕಡಿಮೆಯಾದರೆ ಅದು 35 ಮೀಟರ್ ಆಗಬಹುದು. ನೀವು ನೋಡಿ ಕಾಲಿಡುವ ಒಂದು ಸೆಕೆಂಡಿಗೇ 16 ಮೀಟರ್ ಹೋಗಿರುತ್ತದೆ. ಸಿದ್ಧಕಟ್ಟೆಯ ತಿರುವಿನಲ್ಲಿ ಮೊದಲ ಮಳೆಯ ಕೆಂಪು ಮಣ್ಣು, ಎದುರಿಗೆ ಪಕ್ಕನೆ ನಿಂತ ಸರ್ವಿಸ್ ಬಸ್. ಅಲ್ಲಿ ಹಗುರ ಚಕ್ರ ಏನೂ ಮಾಡುವುದಿಲ್ಲ, ಟಯರಿನ ಗೀರು ಮಾಡುತ್ತದೆ. ಕಾನೂನಿನ ಪ್ರಕಾರ ಕಾರಿನ ಟಯರ್‌ಗೆ 1.6 ಮಿಲಿಮೀಟರ್ ಗೀರು ಇದ್ದರೆ ಸಾಕು. ನಮ್ಮ ಮಳೆಗೆ ಅಷ್ಟು ಸಾಲದು, 3 ಮಿಲಿಮೀಟರ್ ಆಗುವಾಗಲೇ ನಾನು ಬದಲಿಸುತ್ತೇನೆ.

ತಮ್ಮನ ಟಯರ್ ನೋಡಿದೆವು. ಮುಂದಿನ ಎರಡೂ ಸವೆತದ ಗುರುತಿಗೆ ಮುಟ್ಟಿದ್ದವು. ಬ್ರೇಕ್ ಆಯಿಲ್ ಅದೇ ಕಣ್ಣ ಚಹಾ.

ಕೊನೆಗೆ ಮಾಡಿದ್ದು

ಪಟ್ಟಿ ಹೊಸದಾಗಿ ಬರೆದೆವು. ಕಂಪನಿ ಹೇಳಿದ ಗಾತ್ರದ್ದೇ ನಾಲ್ಕು ಒಳ್ಳೆಯ ಟಯರ್, ಡಾಟ್ 4 ಆಯಿಲ್, ಮುಂದಿನ ಬ್ರೇಕ್ ಪ್ಯಾಡ್, ಹಿಂದಿನ ಡ್ರಮ್ ಕ್ಲೀನಿಂಗ್, ವೀಲ್ ಅಲೈನ್‌ಮೆಂಟ್. ಬಿಲ್ ₹24,600. ಉಳಿದದ್ದರಲ್ಲಿ ಅಲಾಯ್ ಬೇಕಾದರೆ ಹಾಕಿಸು, ಚಂದ ಕಾಣುತ್ತದೆ, ಚಂದಕ್ಕೆ ಖರ್ಚು ಮಾಡುವುದು ತಪ್ಪಲ್ಲ ಅಂದೆ. ಅದೇ ಗಾತ್ರದ್ದು ಇರಲಿ, ವಿಮೆಯವರಿಗೆ ತಿಳಿಸು, ಆದರೆ ಅದನ್ನು ಸುರಕ್ಷತೆ ಅಂತ ಕರೆಯಬೇಡ.

ಘಾಟಿಗೆ ನಾನು ಹೇಳಿದ ನಿಯಮ ನಾಲ್ಕೇ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ. ಆಟೊಮ್ಯಾಟಿಕ್ ಆದರೆ ಎಲ್ ಅಥವಾ ಮ್ಯಾನುವಲ್ ಮೋಡ್. ಬ್ರೇಕನ್ನು ಸವರುತ್ತಾ ಇರಬೇಡ, ಒತ್ತಿ ವೇಗ ಇಳಿಸು, ಪೂರ್ತಿ ಬಿಡು. ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡಬೇಡ. ಈಗಿನ ಇಂಜಿನ್ ಗೇರಿನಲ್ಲಿ ಇಳಿಯುವಾಗ ತಾನೇ ಪೆಟ್ರೋಲ್ ನಿಲ್ಲಿಸುತ್ತದೆ. ವಾಸನೆ ಬಂದರೆ ಜಾಗ ನೋಡಿ ನಿಲ್ಲಿಸಿ ತಣಿಯಲು ಬಿಡು, ನೀರು ಹೊಯ್ಯಬೇಡ.

ಮೊನ್ನೆ ರಜೆಯಲ್ಲಿ ಅವನು ಚಿಕ್ಕಮ್ಮನನ್ನು ಕರೆದುಕೊಂಡು ಚಿಕ್ಕಮಗಳೂರಿಗೆ ಹೋಗಿದ್ದ. ವಾಪಸ್ ಬರುವಾಗ ಕೊಟ್ಟಿಗೆಹಾರದಿಂದ ಫೋನ್ ಬಂತು. "ಅಣ್ಣಾ, ಇಳೀತಾ ಇದ್ದೇನೆ. ಸೆಕೆಂಡ್ ಅಲ್ವಾ?"

"ಸೆಕೆಂಡ್. ಫೋನ್ ಇಡು."

ರಾತ್ರಿ ಚಿಕ್ಕಮ್ಮ ಮಾತಾಡಿದರು. "ಎಂತ ಮಾರಾಯ, ನಿನ್ನ ತಮ್ಮ ಘಾಟಿಯಲ್ಲಿ ಎತ್ತಿನಗಾಡಿ ಬಿಟ್ಟ ಹಾಗೆ ಬಿಟ್ಟ. ನನಗೆ ನಿದ್ದೆಯೇ ಬಂತು."

ಘಾಟಿ ಇಳಿಯುವಾಗ ಅಮ್ಮಂದಿರಿಗೆ ನಿದ್ದೆ ಬಂದರೆ ಅದಕ್ಕಿಂತ ಒಳ್ಳೆಯ ಬ್ರೇಕ್ ರಿಪೋರ್ಟ್ ಇನ್ನೊಂದಿಲ್ಲ. ಈ ವಾರ ನೀವೂ ಒಮ್ಮೆ ಬಾನೆಟ್ ತೆಗೆದು ಆ ಸಣ್ಣ ಡಬ್ಬಿಯ ಬಣ್ಣ ನೋಡಿ.