ಜೇನು ಕೊಳ್ಳುವ ಮೊದಲು ಒಮ್ಮೆ ಹಿಡಿದು ನೋಡಿ

ಫೈನಲ್ ಎಕ್ಸಿಟ್ ಆದ ಮೇಲೆ ಊರಲ್ಲಿ ಏನು ಮಾಡುವುದು ಎಂಬ ಪ್ರಶ್ನೆಗೆ ನಮ್ಮವರ ಉತ್ತರ ಕೆಲವು ವರ್ಷಗಳಿಗೊಮ್ಮೆ ಬದಲಾಗುತ್ತದೆ. ನಾನು ಅಲ್ ಖೋಬರಿಗೆ ಬಂದ ಹೊಸದರಲ್ಲಿ ಎಲ್ಲರ ಬಾಯಲ್ಲೂ ಟೂರಿಸ್ಟ್ ಟೆಂಪೊ. ಆಮೇಲೆ ಕೋಳಿ ಫಾರ್ಮ್ ಬಂತು, ರಬ್ಬರ್ ಬಂತು, ನಡುವೆ ಒಂದಷ್ಟು ದಿನ ಬೇಕರಿ. ಈಗ ಜೇನು. ಶುಕ್ರವಾರ ಮಧ್ಯಾಹ್ನ ಊಟ ಮುಗಿಸಿ ತುಕ್ಬಾದ ಯಾವುದಾದರೂ ರೂಮಿನಲ್ಲಿ ನಾಲ್ಕು ಜನ ಕೂತರೆ ಒಬ್ಬರ ಮೊಬೈಲಿನಲ್ಲಾದರೂ ಜೇನುಪೆಟ್ಟಿಗೆಯ ವಿಡಿಯೊ ಓಡುತ್ತಿರುತ್ತದೆ. ಉತ್ತರ ಕನ್ನಡದ ಮಧುಕೇಶ್ವರ ಹೆಗಡೆಯವರು ಸರ್ಕಾರದ ಸಹಾಯಧನದಿಂದ 50 ಜೇನು ಕುಟುಂಬ ಪಡೆದು ಇವತ್ತು 800ಕ್ಕೂ ಹೆಚ್ಚು ಸಾಕುತ್ತಿದ್ದಾರೆ ಎಂದು 2022ರ ಜುಲೈ ತಿಂಗಳ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರು ಹೇಳಿದ ತುಣುಕು ನಮ್ಮ ಗ್ರೂಪುಗಳಲ್ಲಿ ಎಷ್ಟು ಸಲ ಸುತ್ತಿತೋ ಲೆಕ್ಕವಿಲ್ಲ. “ಐವತ್ತು ಎಂಟುನೂರು ಆಗುವುದಾದರೆ ನಾನು ನೂರರಿಂದಲೇ ಶುರು ಮಾಡುತ್ತೇನೆ” ಎಂದು ಒಬ್ಬರು ಕ್ಯಾಲ್ಕುಲೇಟರ್ ಒತ್ತಿದ್ದನ್ನು ನಾನೇ ಕಂಡಿದ್ದೇನೆ.

ಜೇನಿನ ಮೇಲೆ ನನಗೆ ಸಿಟ್ಟಿಲ್ಲ, ಬಹಳ ಪ್ರೀತಿಯೇ ಇದೆ. ನನ್ನ ತಕರಾರು ಆ ಕ್ಯಾಲ್ಕುಲೇಟರಿನ ಮೇಲೆ. ಇಲ್ಲಿನ ದುಡ್ಡಿನಿಂದ ಊರಲ್ಲಿ ಬಾವಿ ತೋಡಿಸಬಹುದು, ತಾರಸಿ ಹಾಕಿಸಬಹುದು, ಅಡಿಕೆ ತೋಟಕ್ಕೆ ಸ್ಪ್ರಿಂಕ್ಲರ್ ಮಾಡಿಸಬಹುದು. ನಾವು ಇಲ್ಲಿದ್ದರೂ ಆ ಕೆಲಸಗಳು ನಡೆಯುತ್ತವೆ. ಜೇನಿಗೆ ಹಾಗಾಗುವುದಿಲ್ಲ. ಅದಕ್ಕೆ ಬೇಕಾದ್ದು ವರ್ಷದ ಯಾವುದೋ ಒಂದು ವಾರದಲ್ಲಿ ಅಂಗಳದಲ್ಲಿ ಇರುವ ಮನುಷ್ಯ. ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಜೇನಿನಲ್ಲಿ ದುಡ್ಡು ಹಾಕುವ ಯೋಚನೆ ಇರುವವರು ಮೊದಲು ಒಂದೇ ಒಂದು ಹಿಂಡನ್ನು ಹಿಡಿದು ಕೂರಿಸಿ, ಒಂದು ಮಳೆಗಾಲ ದಾಟಿಸಿ ನೋಡಲಿ. ಅಲ್ಲಿಯವರೆಗೆ ಒಂದು ಪೆಟ್ಟಿಗೆಯನ್ನೂ ಜೇನುಸಹಿತ ಕೊಳ್ಳುವುದು ಬೇಡ.

ಜುಬೈಲಿನಲ್ಲಿ ಹದಿನಾರು ವರ್ಷ ವೆಲ್ಡಿಂಗ್ ಮಾಡಿ ಊರಿಗೆ ಹೋದ ಸ್ನೇಹಿತರೊಬ್ಬರಿದ್ದಾರೆ. ಸೇವೆಯ ಕೊನೆಯಲ್ಲಿ ಸಿಕ್ಕ ಹಣದಲ್ಲಿ ಒಂದು ಭಾಗ ತೆಗೆದು, ಒಬ್ಬ ಮಾರಾಟಗಾರರಿಂದ ಒಟ್ಟಿಗೆ ನಲವತ್ತು ಪೆಟ್ಟಿಗೆ ತರಿಸಿದರು. ತರಿಸಿದ್ದು ಮೇ ಕೊನೆಗೆ. ಜೂನ್ ಮೊದಲ ವಾರ ಮಳೆ ಹಿಡಿಯಿತು. ಕರಾವಳಿಯ ಮಳೆಗಾಲವೆಂದರೆ ಜೇನಿಗೆ ಬರಗಾಲ. ಹೂವಿದ್ದರೂ ಮಕರಂದ ತೊಳೆದುಹೋಗುತ್ತದೆ, ಹುಳ ಹೊರಗೆ ಹಾರಲಾರದು, ಸಕ್ಕರೆ ಪಾಕ ಕೊಟ್ಟು ಬದುಕಿಸಬೇಕು. ಪಾಕ ಹೆಚ್ಚಾಗಿ ಚೆಲ್ಲಿದರೆ ಇರುವೆ ಬರುತ್ತದೆ. ಕುಟುಂಬ ಸೊರಗಿದರೆ ಎರಿಗೆ ಮೇಣದ ಹುಳು ಬೀಳುತ್ತದೆ. ಇದನ್ನೆಲ್ಲ ನಲವತ್ತು ಕಡೆ ಒಟ್ಟಿಗೆ ಕಲಿಯಲು ಹೋದರೆ ಏನಾಗಬೇಕೋ ಅದೇ ಆಯಿತು. ಚೌತಿ ಹೊತ್ತಿಗೆ ಹುಳ ಇದ್ದ ಪೆಟ್ಟಿಗೆ ಆರು. ಉಳಿದವು ಈಗಲೂ ಅವರ ಕೊಟ್ಟಿಗೆಯ ಅಟ್ಟದಲ್ಲಿವೆ, ಹೊಸ ಮರದ ಬಣ್ಣ ಕೂಡ ಮಾಸಿಲ್ಲ. ಅವರು ಮತ್ತೆ ವೀಸಾ ಹುಡುಕುತ್ತಿದ್ದಾರೆ. ವಯಸ್ಸು ಐವತ್ತೆರಡು.

ಹಿಡಿಯುವುದು ಎಂದರೇನು ಎಂದು ಪೇಟೆಯಲ್ಲಿ ಬೆಳೆದ ಓದುಗರಿಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮಲ್ಲಿ ಪೆಟ್ಟಿಗೆಗೆ ಒಗ್ಗುವುದು ತುಡುವೆ. ಹೆಜ್ಜೇನು ಮತ್ತು ಕೋಲುಜೇನು ಬಯಲಲ್ಲಿ ಒಂದೇ ಎರಿ ಕಟ್ಟುತ್ತವೆ, ಅವನ್ನು ಪೆಟ್ಟಿಗೆಯೊಳಗೆ ಕೂರಿಸಲಾಗದು. ತುಡುವೆ ಮರದ ಪೊಟರೆ, ಹುತ್ತ, ಹಳೆಯ ಗೋಡೆಯ ಸಂದಿನಂತಹ ಕತ್ತಲಲ್ಲಿ ಸಾಲಾಗಿ ಹಲವು ಎರಿ ಕಟ್ಟುತ್ತದೆ. ಮಳೆ ಬಿಟ್ಟು ದೀಪಾವಳಿ ಕಳೆಯಿತೆಂದರೆ ಹೂ ಹೆಚ್ಚುತ್ತದೆ, ಕುಟುಂಬ ತುಂಬುತ್ತದೆ, ಜಾಗ ಸಾಲದೆ ಪಾಲಾಗುತ್ತದೆ. ಮನೆ ಪಾಲಾದಂತೆಯೇ, ಆದರೆ ಒಂದು ವ್ಯತ್ಯಾಸವಿದೆ. ನಮ್ಮಲ್ಲಿ ಹಿರಿಯರು ಮನೆಯಲ್ಲಿ ಉಳಿದು ಕಿರಿಯರು ಹೊರಡುತ್ತಾರೆ. ಜೇನಿನಲ್ಲಿ ಹಳೆಯ ರಾಣಿಯೇ ಅರ್ಧ ಬಳಗ ಕಟ್ಟಿಕೊಂಡು ಹೊರಡುತ್ತಾಳೆ, ಕಟ್ಟಿದ ಮನೆ, ಕೂಡಿಟ್ಟ ತುಪ್ಪ, ಮರಿಗಳು ಎಲ್ಲವೂ ಹುಟ್ಟಲಿರುವ ಮಗಳಿಗೆ.

ಹೊರಟ ಹಿಂಡು ಹತ್ತಿರದ ಗೇರುಮರಕ್ಕೋ ಮಾವಿಗೋ ತೆಂಗಿನ ಕಾಯಿಯಷ್ಟು, ಕೆಲವೊಮ್ಮೆ ಹಲಸಿನಷ್ಟು ದಪ್ಪಕ್ಕೆ ಜೋತುಬೀಳುತ್ತದೆ. ಅಲ್ಲಿಂದ ಮನೆ ಹುಡುಕುವ ಹುಳಗಳು ನಾಲ್ಕೂ ದಿಕ್ಕಿಗೆ ಹೋಗಿ ಬಂದು, ಕಂಡ ಜಾಗವನ್ನು ಕುಣಿತದಲ್ಲಿ ಹೇಳುತ್ತವೆ. ಒಳ್ಳೆಯ ಜಾಗಕ್ಕೆ ಹೆಚ್ಚು ಹೊತ್ತು ಕುಣಿತ. ಜರ್ಮನಿಯ ಮಾರ್ಟಿನ್ ಲಿಂಡಾವರ್ 1950ರ ದಶಕದಲ್ಲಿ, ಆಮೇಲೆ ಅಮೆರಿಕದ ಥಾಮಸ್ ಸೀಲಿ ಈ ಪಂಚಾಯಿತಿಯನ್ನು ವರ್ಷಗಟ್ಟಲೆ ಕೂತು ನೋಡಿದ್ದಾರೆ. ಕೆಲವು ಗಂಟೆಗಳಲ್ಲೋ ಒಂದೆರಡು ದಿನದಲ್ಲೋ ಒಮ್ಮತವಾದರೆ ಹಿಂಡು ಎದ್ದುಹೋಗುತ್ತದೆ. ಆ ನಡುವಿನ ಹೊತ್ತು ಮಾತ್ರ ನಮ್ಮದು.

ಆ ಹೊತ್ತಿನಲ್ಲಿ ಹುಳಗಳು ಹೊರಡುವ ಮೊದಲೇ ಹೊಟ್ಟೆ ತುಂಬ ತುಪ್ಪ ಕುಡಿದಿರುತ್ತವೆ, ಕಾಯಲು ಮನೆಯೂ ಮರಿಯೂ ಇರುವುದಿಲ್ಲ. ಆದ್ದರಿಂದ ಸಾಮಾನ್ಯವಾಗಿ ಸಾಧು. ಕೆಳಗೆ ಬುಟ್ಟಿ ಅಥವಾ ತೆಳು ಬಟ್ಟೆಯ ಚೀಲ ಹಿಡಿದು ಕೊಂಬೆಯನ್ನು ಒಮ್ಮೆ ಝಾಡಿಸಿದರೆ ಗೊಂಚಲು ಒಳಗೆ ಬೀಳುತ್ತದೆ. ರಾಣಿ ಒಳಗೆ ಬಿದ್ದಳೋ, ಉಳಿದವು ತಾವಾಗಿ ಬರುತ್ತವೆ. ಬೀಳದಿದ್ದರೆ ಎಲ್ಲವೂ ಮತ್ತೆ ಕೊಂಬೆಗೆ. ಮುಸ್ಸಂಜೆಗೆ ಪೆಟ್ಟಿಗೆಗೆ ಸುರಿಯಬೇಕು. ನೆರೆಯವರ ಪೆಟ್ಟಿಗೆಯಿಂದ ಮೊಟ್ಟೆ-ಮರಿ ಇರುವ ಒಂದು ಎರಿ ಕೇಳಿ ತಂದು ಒಳಗಿಟ್ಟರೆ ಹಿಂಡು ನಿಲ್ಲುವ ಸಾಧ್ಯತೆ ಬಹಳ ಹೆಚ್ಚು; ಮರಿ ಬಿಟ್ಟು ಹೋಗಲು ಅವಕ್ಕೆ ಮನಸ್ಸಾಗುವುದಿಲ್ಲ. ಬಾಗಿಲಿಗೆ ರಾಣಿ ದಾಟದಂತಹ ಗೇಟು ಕೆಲವು ದಿನ, ಸಂಜೆ ತೆಂಗಿನ ಗೆರಟೆಯಲ್ಲಿ ಸಕ್ಕರೆ ಪಾಕ, ಸ್ಟ್ಯಾಂಡಿನ ಕಾಲಿಗೆ ಇರುವೆ ಹತ್ತದಂತೆ ನೀರು. ಇಷ್ಟೆಲ್ಲ ಮಾಡಿದ ಮೇಲೂ ನಾಲ್ಕನೇ ದಿನ ಪೆಟ್ಟಿಗೆ ಖಾಲಿಯಾಗಿರಬಹುದು. ತುಡುವೆ ಹಾಗೆಯೇ, ಒಗ್ಗದಿದ್ದರೆ ಪರಾರಿ. ಕಳೆದುಕೊಂಡದ್ದು ಒಂದು ಸಂಜೆ ಮತ್ತು ಕಾಲು ಕಿಲೊ ಸಕ್ಕರೆ. ಕೊಂಡ ಪೆಟ್ಟಿಗೆ ಖಾಲಿಯಾದರೆ ಹೋಗುವುದು ಇಲ್ಲಿ ನಾವು ಮಾಡಿದ ಓವರ್‌ಟೈಮ್.

ಹಿಡಿದ ಜೇನೇ ಮೇಲು ಎನ್ನಲು ಇನ್ನೊಂದು ಕಾರಣವಿದೆ. 1991-92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂದು ತುಡುವೆ ಕುಟುಂಬಗಳ ಬಹುಪಾಲನ್ನು ತೆಗೆದುಹಾಕಿತು. ಮರಿಗಳು ಚೀಲದಂತಾಗಿ ಸಾಯುವ ರೋಗ. ಕೊಡಗಿನಲ್ಲಿ, ಪುತ್ತೂರು-ಸುಳ್ಯದ ಕಡೆ ತಲೆಮಾರುಗಳಿಂದ ಜೇನಿದ್ದ ಮನೆಗಳು ಖಾಲಿ ಪೆಟ್ಟಿಗೆ ಒಲೆಗೆ ಹಾಕಿದವು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಆ ವರ್ಷಗಳ ನೆನಪು ಅವರಲ್ಲಿ ಇರುತ್ತದೆ. ಆಮೇಲೆ ತುಡುವೆ ಮೆಲ್ಲಮೆಲ್ಲನೆ ಚೇತರಿಸಿಕೊಂಡದ್ದು ರೋಗವನ್ನು ತಾಳಿ ಉಳಿದ ಕುಟುಂಬಗಳಿಂದ, ಅವುಗಳಲ್ಲಿ ಪೊಟರೆ-ಹುತ್ತಗಳಲ್ಲಿ ಯಾರ ಆರೈಕೆಯೂ ಇಲ್ಲದೆ ಬದುಕಿದವೂ ಸೇರಿದ್ದವು. ನಿಮ್ಮ ತೋಟದ ಅಂಚಿನ ಮರದಲ್ಲಿ ಮೂರು ಮಳೆಗಾಲ ದಾಟಿದ ಕುಟುಂಬದ ಪಾಲು ಆ ಜಾಗದ ಮಳೆ, ಇರುವೆ, ಹೂವು ಎಲ್ಲವನ್ನೂ ಬಲ್ಲದ್ದು. ಲಾರಿಯಲ್ಲಿ ಬಂದದ್ದಕ್ಕೆ ಅದು ಹೊಸ ಊರು.

ಇದೇ ಮಾತು ನಾವಿರುವ ಈ ದೇಶಕ್ಕೂ ಸಲ್ಲುತ್ತದೆ. ಸೌದಿಯಲ್ಲಿ ಜೇನಿಗಿರುವ ಮರ್ಯಾದೆ ನಮಗೆಲ್ಲ ಗೊತ್ತು. ಕುರಾನಿನ 16ನೇ ಅಧ್ಯಾಯದ ಹೆಸರೇ ಜೇನುಹುಳ, ಅನ್-ನಹ್ಲ್. ಒಳ್ಳೆಯ ಸಿದ್ರ್ ಜೇನಿಗೆ ಇಲ್ಲಿನ ಅಂಗಡಿಗಳಲ್ಲಿ ಕಿಲೊಗೆ ನೂರಾರು ರಿಯಾಲ್. ಪ್ರತಿ ವರ್ಷ ಈಜಿಪ್ಟಿನಿಂದ ದೊಡ್ಡ ಸಂಖ್ಯೆಯಲ್ಲಿ ಜೇನು ಕುಟುಂಬಗಳು ಇಲ್ಲಿಗೆ ಬರುತ್ತವೆ, ಆದರೆ ಇಲ್ಲಿನ ಬೇಸಿಗೆ ತಡೆಯುವುದರಲ್ಲಿ ಅರೇಬಿಯಾದ ಚಿಕ್ಕ ನಾಟಿ ಜೇನಿನ ಮುಂದೆ ಅವು ಹಿಂದೆ. ಅಲ್ ಬಾಹಾ, ಅಸೀರ್ ಕಡೆಯ ಹಳೆಯ ಜೇನುಗಾರರು ಟೊಳ್ಳು ಮರದ ದಿಮ್ಮಿಗಳಲ್ಲಿ ಸಾಕುವುದು ಈ ನಾಟಿಯನ್ನೇ, ಅದನ್ನು ಹೆಚ್ಚಿಸುವುದು ಪಾಲಾದ ಹಿಂಡು ಹಿಡಿದೇ. ನಮ್ಮ ಅಜ್ಜಂದಿರು ಮಡಕೆಗೆ ತೂತು ಕೊರೆದು, ಒಳಗೆ ಮೇಣ ಸವರಿ ಮರಕ್ಕೆ ಕಟ್ಟುತ್ತಿದ್ದುದಕ್ಕೂ ಇದಕ್ಕೂ ಎಷ್ಟು ದೂರ?

ಖೋಬರಿನಲ್ಲಿ ನಾವು ಜೇನು ಸಾಕಬೇಕು ಎಂದು ನಾನು ಹೇಳುತ್ತಿಲ್ಲ. ಕ್ಯಾಂಪಿನ ತಾರಸಿಯ ಮೇಲೆ ಪೆಟ್ಟಿಗೆ ಇಟ್ಟು ಕ್ಯಾಂಪ್ ಬಾಸ್ ಹತ್ತಿರ ಬೈಸಿಕೊಳ್ಳುವುದು ಯಾರಿಗೂ ಬೇಡ. ಆದರೆ ಒಂದು ಕೆಲಸ ಬಿಡಬಹುದು. ಒಂದು ಮಾರ್ಚ್ ತಿಂಗಳು ನಮ್ಮ ಪಕ್ಕದ ಕಾಂಪೌಂಡಿನ ಬೇವಿನ ಗಿಡಕ್ಕೆ ಹಿಂಡೊಂದು ಬಂದು ಕೂತಿತ್ತು. ಅರ್ಧ ಗಂಟೆಯಲ್ಲಿ ಜಿರಲೆ ಔಷಧಿಯ ಮೂರು ಡಬ್ಬಿ ಖಾಲಿ. ಹೊಡೆದವರು ಬೇರೆ ಯಾರೂ ಅಲ್ಲ, ನಮ್ಮ ಕಡೆಯವರೇ, ಊರಲ್ಲಿ ತೋಟವಿರುವವರೇ. ಸಂಜೆ ಪಾದಚಾರಿ ದಾರಿಯ ಮೇಲೆ ಕಪ್ಪಗೆ ರಾಶಿ ಬಿದ್ದಿತ್ತು, ಗುಡಿಸಿದ ಬಾಂಗ್ಲಾದ ಹುಡುಗ “ಶಹದ್ ವಾಲಾ ಹೈ” ಎಂದು ನನ್ನ ಮುಖ ನೋಡಿದ. ಜೋತುಬಿದ್ದ ಹಿಂಡು ಮರುದಿನವೋ ಅದರ ಮರುದಿನವೋ ತಾನೇ ಹೋಗುತ್ತದೆ. ದೂರ ನಿಂತು ಬೇರೆಯವರನ್ನು ದೂರ ನಿಲ್ಲಿಸಿದರೆ ಸಾಕು. ಎ.ಸಿ.ಯಿಂದ ತೊಟ್ಟಿಕ್ಕುವ ನೀರಿಗೆ ಬೇಸಿಗೆಯಲ್ಲಿ ಬರುವ ಹುಳಗಳೂ ಅಷ್ಟೇ, ಬಾಯಾರಿ ಬಂದವು.

ನನ್ನ ಮಾತಿಗೆ ಬರುವ ಆಕ್ಷೇಪಗಳನ್ನು ಬಲ್ಲೆ. ಕಚ್ಚಿದರೆ? ಕಚ್ಚುತ್ತದೆ. ಹೆಚ್ಚಿನವರಿಗೆ ಒಂದು ದಿನದ ಊತ. ಆದರೆ ಕೆಲವರಿಗೆ ಒಂದೇ ಹುಳ ಕುಟುಕಿದರೂ ಮೈಯೆಲ್ಲ ದದ್ದು ಎದ್ದು ಉಸಿರು ಕಟ್ಟುತ್ತದೆ, ಪ್ರಾಣಕ್ಕೇ ಅಪಾಯ, ತಕ್ಷಣ ಆಸ್ಪತ್ರೆಗೆ ಒಯ್ಯಬೇಕು. ಮನೆಯಲ್ಲಿ ಅಂಥವರಿದ್ದರೆ ಈ ಹವ್ಯಾಸವೇ ಬೇಡ. ಹೆಜ್ಜೇನಿನ ತಂಟೆ ಯಾರಿಗೂ ಬೇಡ. ಇಷ್ಟು ಸಣ್ಣದರಿಂದ ಏನು ಸಂಪಾದನೆ ಎನ್ನುವವರಿಗೆ: ಒಳ್ಳೆಯ ಜಾಗದಲ್ಲಿ, ಜನವರಿಯಿಂದಾಚೆ ರಬ್ಬರ್ ಚಿಗುರುವ ಕಡೆ, ಒಂದು ತುಡುವೆ ಪೆಟ್ಟಿಗೆ ಎಂಟು-ಹತ್ತು ಕಿಲೊ ಕೊಟ್ಟರೆ ಚೆನ್ನಾಗಿಯೇ ಕೊಟ್ಟಿತು. ಅದರಿಂದ ಸಂಸಾರ ನಡೆಯದು. ನಡೆಸುವ ಆಸೆ ಇದ್ದವರು ಮುಂದೆ ತೋಟಗಾರಿಕೆ ಇಲಾಖೆಯ ತರಬೇತಿಗೆ ಹೋಗಲಿ, ಸಹಾಯಧನ ಪಡೆಯಲಿ, ಪುತ್ತೂರಿನ ಜೇನು ವ್ಯವಸಾಯಗಾರರ ಸಹಕಾರಿ ಸಂಘದಂತಹ ಕಡೆ ಹೋಗಿ ಮಾರುಕಟ್ಟೆ ವಿಚಾರಿಸಲಿ. ಒಂದು ಕುಟುಂಬವನ್ನು ಮಳೆ ದಾಟಿಸಿದವರು ಅಲ್ಲಿ ಕೇಳುವ ಪ್ರಶ್ನೆಗಳೇ ಬೇರೆ ಇರುತ್ತವೆ.

ಗಟ್ಟಿಯಾದ ಆಕ್ಷೇಪ ಒಂದೇ: ನಾವೇ ಊರಲ್ಲಿಲ್ಲವಲ್ಲ ಮಾರಾಯ್ರೆ, ಹಿಡಿಯುವುದು ಯಾರು? ಇದಕ್ಕೆ ನನ್ನ ಬಳಿ ಅರ್ಧ ಉತ್ತರವಿದೆ. 2017ರ ಜುಲೈಯಲ್ಲಿ ಅವಲಂಬಿತರ ಮೇಲಿನ ಶುಲ್ಕ ತಲೆಗೆ ತಿಂಗಳಿಗೆ 100 ರಿಯಾಲಿನಿಂದ ಶುರುವಾಗಿ 2020ಕ್ಕೆ 400 ಆಗುವಷ್ಟರಲ್ಲಿ ನಮ್ಮಲ್ಲಿ ಎಷ್ಟೋ ಜನ ಹೆಂಡತಿ-ಮಕ್ಕಳನ್ನು ಊರಿಗೆ ಕಳಿಸಿದೆವು. ಅಂಗಳದಲ್ಲಿ ಈಗ ಜನ ಇದ್ದಾರೆ. ನನ್ನ ರೂಮಿನ ಬೆಳ್ತಂಗಡಿಯ ಹುಡುಗನ ಮನೆಯಲ್ಲಿ ಕಳೆದ ವರ್ಷ ಒಂಬತ್ತನೇ ಕ್ಲಾಸಿನ ಮಗ ಕೊಂಬೆ ಅಲುಗಿಸಿದ, ಹೆಂಡತಿ ಬುಟ್ಟಿ ಹಿಡಿದಳು, ಅಜ್ಜಿ ಮೊಬೈಲ್ ಹಿಡಿದು ನಮಗೆ ಹೆಚ್ಚಾಗಿ ತನ್ನ ಸೆರಗನ್ನೇ ತೋರಿಸಿದರು. ಇಲ್ಲಿ ಬಂಕ್ ಬೆಡ್ಡಿನ ಮೇಲೆ ನಾವು ಆರು ಜನ ಉಸಿರು ಬಿಗಿಹಿಡಿದಿದ್ದೆವು. ಹಿಂಡು ನಿಂತಿತು. ಆದರೆ ಅದನ್ನು ಸಾಕುತ್ತಿರುವವರು ಅವರು, ಅವನಲ್ಲ, ಅವನು ಪ್ರೇಕ್ಷಕ. ಯಾವ ಮರ, ಯಾವ ಹೂ, ಯಾವ ವಾರ ಎಂಬುದನ್ನು ಮಗ ಈಗ ಅಪ್ಪನಿಗೆ ಹೇಳುತ್ತಾನೆ.

ಉಳಿದ ಅರ್ಧ ರಜೆಯ ವಿಷಯ. ಶಾಲೆಯ ರಜೆ ಎಂದು ಜೂನ್-ಜುಲೈಯಲ್ಲಿ ಊರಿಗೆ ಹೋಗುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಮಕ್ಕಳು ಊರಲ್ಲೇ ಓದುತ್ತಿರುವಾಗಲೂ ಹಲವರು ಅದೇ ತಿಂಗಳಿಗೆ ಅರ್ಜಿ ಹಾಕುತ್ತಾರೆ. ಆಗ ನೀವು ನೋಡುವುದು ಮಳೆ ಮತ್ತು ಸೊರಗಿದ ಪೆಟ್ಟಿಗೆ. ಎರಡು ವರ್ಷಕ್ಕೊಮ್ಮೆ ಸಿಗುವ ರಜೆಯನ್ನು ಒಂದೇ ಒಂದು ಸಲ ಡಿಸೆಂಬರ್-ಜನವರಿಗೆ ಕೇಳಿ. ಫೈನಲ್ ಎಕ್ಸಿಟ್‌ಗೆ ಮೊದಲೇ ಗೊತ್ತಾಗುತ್ತದೆ, ಹುಳದ ನಡುವೆ ಕೈ ಹಾಕಿ ನಿಲ್ಲುವ ತಾಳ್ಮೆ ನಿಮ್ಮಲ್ಲಿ ಇದೆಯೋ, ವಿಡಿಯೊ ನೋಡುವ ಆಸೆ ಮಾತ್ರವೋ ಎಂದು. ಎರಡನೆಯದಾದರೂ ನಷ್ಟವಿಲ್ಲ, ಟಿಕೆಟ್ಟಿನ ದುಡ್ಡು ಹೇಗೂ ಹೋಗುವುದೇ.

ರಾಜ್ಯೋತ್ಸವಕ್ಕೆ ಬರುವ ಈ ಸಂಚಿಕೆ ನಿಮ್ಮ ಕೈಸೇರುವಾಗ ಊರಲ್ಲಿ ಕುಟುಂಬಗಳು ಪಾಲಾಗುವ ಕಾಲ ಹತ್ತಿರ ಬಂದಿರುತ್ತದೆ. ಮನೆಗೆ ಫೋನ್ ಮಾಡಿದಾಗ ಅಟ್ಟದಲ್ಲಿ ಹಳೆಯ ಜೇನುಪೆಟ್ಟಿಗೆ ಇದೆಯೇ ಎಂದು ಕೇಳಿ. ಇದ್ದರೆ ಹುಳು ತಿಂದ ಎರಿ ಕೆರೆದು ತೆಗೆದು, ಬಿಸಿಲಿಗೆ ಒಣಗಿಸಿ, ಒಳಗೋಡೆಗೆ ಚೂರು ಜೇನುಮೇಣ ಉಜ್ಜಿ, ಗೇರುಮರದ ನೆರಳಲ್ಲಿ ಎದೆಯೆತ್ತರಕ್ಕೆ ಇಡಲಿ. ಪೆಟ್ಟಿಗೆ ಇಲ್ಲದಿದ್ದರೆ ಮಡಕೆಯಾದರೂ ಆದೀತು. ಬಾಗಿಲು ಬೆರಳು ತೂರುವಷ್ಟಿದ್ದರೆ ಸಾಕು.