ಮನೆ ಕೊಳ್ಳೋರು ನೀವು, ಹಳೇ ಕಂದಾಯ ಯಾರದ್ದು?

ಪೇಟೆ ಬೀದಿಯಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಒಬ್ಬರು ಕಳೆದ ತಿಂಗಳು ಮನೆ ಕೊಳ್ಳಲು ಅಗ್ರಿಮೆಂಟ್ ಮಾಡಿಕೊಂಡು ಅಡ್ವಾನ್ಸ್ ಕೊಟ್ಟರು. ಈಗಿರುವ ಬಾಡಿಗೆ ಮನೆ ಓನರ್‌ಗೂ ಖಾಲಿ ಮಾಡ್ತೀವಿ ಅಂತ ಹೇಳಿಯಾಗಿತ್ತು. ಆಮೇಲೆ ನೋಡಿದ್ರೆ ಮಾರುವವರ ಹೆಸರಲ್ಲಿ ಇ-ಖಾತೆನೇ ಆಗಿಲ್ಲ. ಮಾಡಿಸಲು ಹೋದರೆ ಆರು ವರ್ಷದ ಕಂದಾಯ ಬಾಕಿ, ಅದರ ಮೇಲೆ ದಂಡ. ‘ಮನೆಗೆ ಬರೋರು ನೀವು ತಾನೇ, ನೀವೇ ಕಟ್ಕೊಳ್ಳಿ’ ಅನ್ನೋದು ಮಾರುವವರ ಮಾತು.

ಇಂಥ ಜಗಳ ಈಗ ಜಾಸ್ತಿ ಕೇಳ್ತಿರೋದಕ್ಕೆ ಕಾರಣ ಇದೆ. 2024ರ ಅಕ್ಟೋಬರ್‌ನಿಂದ ರಾಜ್ಯದ ಪಟ್ಟಣಗಳಲ್ಲೂ ಇ-ಖಾತೆ ಇಲ್ಲದೆ ಆಸ್ತಿ ನೋಂದಣಿ ಆಗಲ್ಲ. ಇ-ಖಾತೆಗೆ ಅರ್ಜಿ ಹಾಕಿದಾಗ ಕಂದಾಯದ ರಸೀದಿ ಕೇಳ್ತಾರೆ. ಮೊದಲಾದರೆ ನೋಂದಣಿ ಮುಗಿದು, ಹಾಲು ಉಕ್ಕಿಸಿ, ಖಾತೆ ಬದಲಾವಣೆಗೆ ಹೋದಾಗ ಬಾಕಿ ಗೊತ್ತಾಗ್ತಿತ್ತು. ಈಗ ಮೊದಲೇ ಹೊರಗೆ ಬರುತ್ತೆ. ಕೊಳ್ಳುವವರಿಗೆ ಇದು ಒಳ್ಳೇದೇ. ಆದರೆ ಅಷ್ಟರಲ್ಲಿ ಅಡ್ವಾನ್ಸ್ ಕೊಟ್ಟು ಕೈ ಕಟ್ಟಿ ಹೋಗಿರುತ್ತೆ, ತೊಂದರೆ ಇರೋದು ಅಲ್ಲಿ.

ಕಾನೂನು ಈ ವಿಷಯದಲ್ಲಿ ಸ್ಪಷ್ಟ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಮಾರಾಟದ ದಿನದವರೆಗಿನ ಸರ್ಕಾರಿ ಕರಗಳು ಮಾರುವವರ ಹೊಣೆ. ಆಸ್ತಿ ಕೈ ಬದಲಾದ ಮೇಲಿನದು ಕೊಂಡವರದ್ದು. ಅಗ್ರಿಮೆಂಟಿನಲ್ಲಿ ಬೇರೆ ರೀತಿ ಬರೆದುಕೊಂಡಿದ್ದರೆ ಮಾತ್ರ ಅದೇ ನಡೆಯುತ್ತೆ. ಅಂದರೆ ‘ಎಲ್ಲ ಬಾಕಿ ಕೊಳ್ಳುವವರದ್ದು’ ಅಂತ ಒಂದು ಸಾಲು ಸೇರಿಸಿ ಸಹಿ ಹಾಕಿಸಿಕೊಂಡರೆ ಮುಗೀತು. ಓದದೆ ಸಹಿ ಹಾಕೋರೇ ನಮ್ಮಲ್ಲಿ ಹೆಚ್ಚು.

ಆದ್ರೆ ಪುರಸಭೆ ಲೆಕ್ಕ ಬೇರೆ. ಅವರ ಪುಸ್ತಕದಲ್ಲಿ ಬಾಕಿ ಇರೋದು ಆ ಆಸ್ತಿ ನಂಬರಿನ ಮೇಲೆ. ಹಳೇ ಓನರ್ ಊರು ಬಿಟ್ಟು ಹೋಗಿದ್ರೂ ನೋಟಿಸ್ ಬರೋದು ಮನೆ ಬಾಗಿಲಿಗೇ. ದಂಡ ತಿಂಗಳಿಗೆ ಶೇ 2. ವರ್ಷಕ್ಕೆ 3,600 ರೂ. ಕಂದಾಯ ಬರುವ ಮನೆ ಅಂತ ಇಟ್ಕೊಳ್ಳಿ, ಒಂದು ವರ್ಷದ ಬಾಕಿಗೆ ತಿಂಗಳಿಗೆ 72 ರೂ. ದಂಡ, ಹನ್ನೆರಡು ತಿಂಗಳಿಗೆ 864. ಜೊತೆಗೆ ಗ್ರಂಥಾಲಯ ಕರ, ಭಿಕ್ಷುಕರ ಕರ ಎಲ್ಲ ಸೇರಿರುತ್ತೆ. ನೀರಿನ ಬಾಕಿ ಬೇರೆ ಲೆಕ್ಕ, ಅದನ್ನೂ ಬೇರೆಯಾಗಿಯೇ ಕೇಳಬೇಕು.

‘ಇಸಿ ತೆಗೆಸಿದ್ದೀವಲ್ಲ, ಕ್ಲೀನ್ ಇದೆ’ ಅಂತ ಬಹಳ ಜನ ಧೈರ್ಯವಾಗಿರ್ತಾರೆ. ಇಸಿಯಲ್ಲಿ ಬರೋದು ನೋಂದಣಿಯಾದ ಕ್ರಯ, ಅಡಮಾನ ಇಂಥವು ಮಾತ್ರ. ಕಂದಾಯದ ಬಾಕಿ ಅದರಲ್ಲಿ ಕಾಣಲ್ಲ. ಹಾಗಾಗಿ ಅಡ್ವಾನ್ಸ್ ಕೊಡೋ ಮುಂಚೆ ಆಸ್ತಿ ನಂಬರ್ ಹಿಡಿದು ಪುರಸಭೆ ಕಂದಾಯ ಶಾಖೆಗೇ ಹೋಗಿ ವಿಚಾರಿಸಬೇಕು. ಹಳ್ಳಿ ಕಡೆ ಕೊಳ್ಳೋರು ಪಂಚಾಯ್ತಿಯಲ್ಲಿ ಕೇಳಬೇಕು, ಅಲ್ಲಿ ಇ-ಸ್ವತ್ತು ದಾಖಲೆ.

ವರ್ಷದ ನಡುವೆ ಮಾರಾಟ ಆದ್ರೆ? ಕಂದಾಯದ ವರ್ಷ ಏಪ್ರಿಲ್‌ನಿಂದ ಮಾರ್ಚ್. ಏಪ್ರಿಲ್‌ನಲ್ಲೇ ಶೇ 5 ರಿಯಾಯಿತಿ ಸಿಗುತ್ತೆ ಅಂತ ಮಾರುವವರು ಪೂರ್ತಿ ಕಟ್ಟಿರಬಹುದು. ಸೆಪ್ಟೆಂಬರ್ ಕೊನೆಗೆ ಕ್ರಯ ಆದರೆ ಉಳಿದ ಆರು ತಿಂಗಳಿನದು ಅವರು ವಾಪಸ್ ಕೇಳೋದು ನ್ಯಾಯವೇ. ಆದರೆ ಅದನ್ನ ಇಬ್ಬರೂ ಕೂತು ಮಾತಾಡ್ಕೋಬೇಕು.

ಬಾಡಿಗೆ ಅಂಗಡಿಯವರಿಗೂ ಇದು ತಟ್ಟುತ್ತೆ. ಕಂದಾಯ ಕಟ್ಟೋದು ಕಟ್ಟಡದ ಓನರ್, ನಿಜ. ಆದ್ರೆ ಟ್ರೇಡ್ ಲೈಸೆನ್ಸ್‌ಗೆ ಸಾಮಾನ್ಯವಾಗಿ ಆ ಕಟ್ಟಡದ ರಸೀದಿ ಕೇಳ್ತಾರೆ. ಹೊಸ ಜಾಗಕ್ಕೆ ಅಂಗಡಿ ಎತ್ತಿಕೊಂಡು ಹೋಗೋರು ಓನರ್ ಹತ್ರ ಈ ವರ್ಷದ ರಸೀದಿಯ ಜೆರಾಕ್ಸ್ ಮೊದಲೇ ಇಸ್ಕೊಳ್ಳಿ.

ಬಟ್ಟೆ ಅಂಗಡಿಯವರ ವಿಷಯ ಮೊನ್ನೆ ಒಂದು ಹಂತಕ್ಕೆ ಬಂತು. ಬಾಕಿ ಈಗ ಇವರೇ ಕಟ್ಟೋದು, ನೋಂದಣಿ ದಿನ ಕೊಡುವ ಹಣದಲ್ಲಿ ಅಷ್ಟನ್ನೂ ಹಿಡಿದುಕೊಳ್ಳೋದು ಅಂತ ಬರೆದುಕೊಂಡಿದ್ದಾರೆ. ರಸೀದಿ ಇವರ ಹತ್ರವೇ ಇದೆ. ಇ-ಖಾತೆ ಇನ್ನೂ ಕೈಗೆ ಬಂದಿಲ್ಲ, ಬಾಡಿಗೆ ಮನೆ ಓನರ್ ಹತ್ರ ಇನ್ನೊಂದು ತಿಂಗಳು ಟೈಮ್ ಕೇಳಿದ್ದಾರೆ.